ಹತ್ತನೇ ಪ್ರಾಜೆಕ್ಟ್ ಮುಗಿಯಿತು, ಒಂದು ಥ್ಯಾಂಕ್ಸ್ ಬಾಕಿ ಇತ್ತು

ಎಲ್ಲರಿಗೂ ವಂದನೆಗಳು.

ಕಳೆದ ಗುರುವಾರ ಮಧ್ಯಾಹ್ನ ಲೂಯಿಸಿಯಾನಾದ ಲೇಕ್ ಚಾರ್ಲ್ಸ್‌ನಲ್ಲಿ ಕೊನೆಯ ಗೋಡೆಗೆ ಎರಡನೇ ಕೋಟ್ ಬಣ್ಣ ಹೊಡೆದು, ರೋಲರ್ ತೊಳೆದಿಟ್ಟೆವು. ನಮ್ಮಿಬ್ಬರಿಗೆ ಇದು ಹತ್ತನೇ ಸೇವಾ ಪ್ರಾಜೆಕ್ಟ್. ಒಂಬತ್ತನೆಯದಕ್ಕೂ ಇದಕ್ಕೂ ನಡುವೆ ಎರಡು ವರ್ಷಕ್ಕಿಂತ ಜಾಸ್ತಿ ಗ್ಯಾಪ್ ಬಿತ್ತು. ಯಾಕೆ ಅಂತ ನಿಮಗೆಲ್ಲ ಗೊತ್ತು, ಆಸ್ಪತ್ರೆಯ ಕತೆ ಪೂರ್ತಿ ಮತ್ತೆ ತೆಗೆಯುವುದಿಲ್ಲ. ನಮ್ಮನೆಯವರು ಈಗ ಏಣಿ ಹತ್ತುತ್ತಾರೆ. ಮೂರು ಮೆಟ್ಟಿಲು ಸಾಕು ಅಂದಿದ್ದೇನೆ. ನಾಲ್ಕು ಹತ್ತುತ್ತಾರೆ.

ಕೋಲಾರದ ಕಡೆಯ ನೆಂಟರು ಪ್ರತಿ ಸಲ ಕೇಳುತ್ತಾರೆ. "ಅಲ್ಲಾ, ರಿಟೈರ್ ಆದಮೇಲೆ ಬಸ್ಸಿನಂಥ ಗಾಡಿ ತಗೊಂಡು, ಅದರಲ್ಲಿ ಊರೂರು ಹೋಗಿ ಗಾರೆ ಕೆಲಸ ಮಾಡ್ತೀರಾ?" ಹೌದು, ಹಾಗೇನೆ. ಯುನೈಟೆಡ್ ಮೆಥೋಡಿಸ್ಟ್ ಎಂಬ ಕ್ರೈಸ್ತ ಸಭೆಯವರ ನೋಮ್ಯಾಡ್ಸ್ ಅಂತ ಒಂದು ಗುಂಪಿದೆ, 1988ರಲ್ಲಿ ಶುರುವಾಗಿದ್ದು. ನಮ್ಮಂಥ ರಿಟೈರ್ ಆದವರೇ ಜಾಸ್ತಿ. ಅವರವರ ಆರ್‌ವಿ, ಅಂದರೆ ಒಳಗೇ ಮನೆಯಿರುವ ಗಾಡಿ, ಓಡಿಸಿಕೊಂಡು ಬರುತ್ತಾರೆ. ಚರ್ಚಿನವರು ಗಾಡಿ ನಿಲ್ಲಿಸಲು ಜಾಗ, ಕರೆಂಟು, ನೀರು ಕೊಡುತ್ತಾರೆ. ಸಾಮಾನ್ಯವಾಗಿ ಒಂದು ಪ್ರಾಜೆಕ್ಟ್ ಅಂದರೆ 3 ವಾರ. ಸೋಮವಾರದಿಂದ ಗುರುವಾರ, ದಿನಕ್ಕೆ 6 ಗಂಟೆ ಕೆಲಸ. ಪೆಟ್ರೋಲ್ ಖರ್ಚು ನಮ್ಮದು, ಸೊಂಟನೋವೂ ನಮ್ಮದೇ.

ನಾನು ಹುಟ್ಟಿದ್ದು ಕೋಲಾರದ ಇ.ಟಿ.ಸಿ.ಎಂ. ಆಸ್ಪತ್ರೆಯಲ್ಲಿ. ಅಮೆರಿಕದ ಮೆಥೋಡಿಸ್ಟ್ ಹೆಂಗಸರ ಮಿಷನ್ ನಡೆಸಿದ ಆಸ್ಪತ್ರೆ ಅದು. ಎಲ್ಲಿಯ ಯಾವ ಅಜ್ಜಿ ಹಾಕಿದ ಕಾಣಿಕೆಯೋ ಏನೋ. ಆ ಲೆಕ್ಕ ತೀರಿಸುತ್ತಿದ್ದೇನೆ ಅಂದರೆ ಇವರು ನಗುತ್ತಾರೆ. "ನೀನು ಹಾಕಿದ ಗೋಡೆ ನೋಡಿದರೆ ಅವರೇ ಎದ್ದು ಬಂದು ದುಡ್ಡು ವಾಪಸ್ ಕೇಳ್ತಾರೆ" ಅಂತಾರೆ.

ಲೇಕ್ ಚಾರ್ಲ್ಸ್ ಬಗ್ಗೆ ಎರಡು ಮಾತು. 2020ರ ಆಗಸ್ಟ್ 27ರಂದು ಲಾರಾ ಚಂಡಮಾರುತ ಹೊಡೆಯಿತು, ಕರಾವಳಿಗೆ ಬಂದಾಗ ಗಂಟೆಗೆ 150 ಮೈಲಿ ಗಾಳಿ. ಛಾವಣಿಗಳ ಮೇಲೆ ನೀಲಿ ಟಾರ್ಪಾಲು ಹೊದಿಸಿ ಉಸಿರು ಬಿಡುವಷ್ಟರಲ್ಲಿ, ಆರೇ ವಾರಕ್ಕೆ ಡೆಲ್ಟಾ ಬಂತು. ಫೆಬ್ರವರಿಯಲ್ಲಿ ಹಿಮ ಬಿದ್ದು ಪೈಪುಗಳು ಒಡೆದವು. ಮೇ ತಿಂಗಳಲ್ಲಿ ಮಳೆ ನೀರು ಮನೆಯೊಳಗೆ ನುಗ್ಗಿತು. ಒಂಬತ್ತು ತಿಂಗಳಲ್ಲಿ ನಾಲ್ಕು ಏಟು, ಪಾಪ. ಮೊದಲ ಸಲ ಹೋದಾಗ ಕೆರೆಯ ಹತ್ತಿರದ 22 ಮಹಡಿಯ ಕಟ್ಟಡ ಕಿಟಕಿಗಳಿಗೆ ಹಲಗೆ ಬಡಿಸಿಕೊಂಡು ನಿಂತಿತ್ತು. ದಾರಿ ತಪ್ಪಿದರೆ ಅದನ್ನು ನೋಡಿಕೊಂಡು ಚರ್ಚಿಗೆ ಬರುತ್ತಿದ್ದೆ. 2024ರ ಸೆಪ್ಟೆಂಬರಿನಲ್ಲಿ ಅದನ್ನು ಸ್ಫೋಟಕ ಇಟ್ಟು ಉರುಳಿಸಿದರು. ಈ ಸಲ ನಿಜವಾಗಿಯೂ ದಾರಿ ತಪ್ಪಿದೆ.

ಈಗ ಥ್ಯಾಂಕ್ಸ್. ಚರ್ಚಿನ ಅಡುಗೆಮನೆಯ ಹೆಂಗಸರಿಗೆ, ನಮ್ಮ ಟೀಮ್ ಲೀಡರ್ ದಂಪತಿಗೆ, ಇವರ ಕೈಯಿಂದ ಭಾರದ ಶೀಟ್‌ರಾಕ್ (ಗೋಡೆಗೆ ಹೊಡೆಯುವ ಜಿಪ್ಸಮ್ ಹಲಗೆ) ಕಿತ್ತುಕೊಂಡ ಎಲ್ಲರಿಗೂ, ಫೋನಿನಲ್ಲೇ ಪ್ರಾರ್ಥಿಸಿದ ನಮ್ಮ ಸಭೆಯವರಿಗೆ, ಕ್ಯಾಸರೋಲ್ ತಂದು ಬಾಗಿಲಲ್ಲಿಟ್ಟು ಬೆಲ್ ಮಾಡದೆ ಹೋದ ಪಕ್ಕದ ಮನೆಯವರಿಗೆ, ರಜೆ ಹಾಕಿ ಬಂದ ಮಕ್ಕಳಿಗೆ, ತುಂಬ ತುಂಬ ಥ್ಯಾಂಕ್ಸ್. ಒಬ್ಬೊಬ್ಬರ ಬಗ್ಗೆಯೂ ಬರೆಯಬೇಕಿತ್ತು. ಬೇಜಾರು ಮಾಡಿಕೊಳ್ಳಬೇಡಿ. ಒಬ್ಬರ ವಿಷಯ ಎರಡು ವರ್ಷದಿಂದ ಗಂಟಲಲ್ಲೇ ಉಳಿದಿದೆ, ಅದನ್ನು ಮೊದಲು ಹೇಳಿಬಿಡುತ್ತೇನೆ.

ಅವರನ್ನು ನಾನು ಅಕ್ಕ ಅಂತ ಕರೆಯುತ್ತೇನೆ. ಅದೇ ಹೆಸರು ಅಂದುಕೊಂಡು ಟೀಮಿನ ಅರ್ಧ ಜನ ಅವರನ್ನು ಈಗ "ಅಕ್ಕಾ" ಅಂತಾರೆ. ಅಯೋವಾ ರಾಜ್ಯದವರು. 34 ವರ್ಷ ಸ್ಕೂಲ್ ಬಸ್ ಓಡಿಸಿದವರು. ಗಂಡ ತೀರಿಕೊಂಡ ಮೇಲೆ ಒಬ್ಬರೇ ಟ್ರಕ್ಕಿಗೆ ಟ್ರೇಲರ್ ಕಟ್ಟಿಕೊಂಡು ಪ್ರಾಜೆಕ್ಟುಗಳಿಗೆ ಬರುತ್ತಾರೆ. ಶೀಟ್‌ರಾಕ್ ಸಂದಿಗೆ ಮಡ್, ಅಂದರೆ ಸಂದಿ ಮುಚ್ಚುವ ಪೇಸ್ಟ್, ಮೆತ್ತುವುದನ್ನು ನನಗೆ ಕಲಿಸಿದ್ದು ಅವರೇ. ಅದು ಇಡ್ಲಿ ಹಿಟ್ಟಿಗಿಂತ ಒಂಚೂರು ಗಟ್ಟಿ ಇರಬೇಕು, ಕೈ ಮಾತ್ರ ದೋಸೆ ಎಳೆಯುವ ಹಾಗೆ ಹೋಗಬೇಕು. ಅವರು ಹೀಗೆ ಹೇಳಲಿಲ್ಲ, ನನಗೆ ಹಾಗೆ ಅರ್ಥವಾಯಿತು. ಮೂರನೇ ದಿನಕ್ಕೆ ನನ್ನ ಸಂದಿ ಕಾಣದ ಹಾಗೆ ಮುಚ್ಚಿತು.

2022ರ ಡಿಸೆಂಬರಿನಲ್ಲಿ ಇದೇ ಲೇಕ್ ಚಾರ್ಲ್ಸ್‌ನಲ್ಲಿ ಒಂಬತ್ತನೇ ಪ್ರಾಜೆಕ್ಟ್ ಮುಗಿದ ಮಾರನೇ ದಿನ ಇವರು ಬಿದ್ದರು. ಟೀಮಿನವರೆಲ್ಲ ಕ್ರಿಸ್ಮಸ್‌ಗೆ ಊರಿಗೆ ಹೊರಟಿದ್ದರು, ಮೊಮ್ಮಕ್ಕಳು ಕಾಯುತ್ತಿದ್ದರು. ನನ್ನ ಸುತ್ತ ನಿಂತು ಪ್ರಾರ್ಥನೆ ಮಾಡಿ, ತಬ್ಬಿಕೊಂಡು, ಒಂದೊಂದೇ ಗಾಡಿ ಹೊರಟಿತು. ಅದರ ಬಗ್ಗೆ ನನಗೆ ಬೇಸರ ಇಲ್ಲ. ಆಗ ಸ್ವಲ್ಪ ಇತ್ತು, ಸುಳ್ಳು ಹೇಳಬಾರದು. ಭಾನುವಾರ ಸಂಜೆ ಚರ್ಚಿನ ಹಿಂದೆ ಎರಡೇ ಗಾಡಿ ಉಳಿದವು, ನಮ್ಮದು, ಅಕ್ಕನದು. "ನನ್ನ ಟ್ರಕ್ಕಿನ ಬ್ಯಾಟರಿ ಸರಿ ಇಲ್ಲ, ಒಂದೆರಡು ದಿನ ಇರ್ತೀನಿ" ಅಂದರು.

ಆ ವಾರ ಗುರುವಾರ ರಾತ್ರಿ ದೇಶಕ್ಕೆಲ್ಲ ಚಳಿ ಇಳಿಯಿತು. ಸಾವಿರಾರು ವಿಮಾನ ರದ್ದಾದವು. ನಮ್ಮ ಮಗ ಶಿಕಾಗೋ ಏರ್‌ಪೋರ್ಟಿನಲ್ಲಿ ನೆಲದ ಮೇಲೆ ಕೂತಿದ್ದ. ಆಸ್ಪತ್ರೆಯವರು "ಈ ರಾತ್ರಿ ದಾಟಬೇಕು" ಅಂದಿದ್ದರು. ಇನ್ಶೂರೆನ್ಸ್ ಪೇಪರ್ ತರೋಣ ಅಂತ ರಾತ್ರಿ ಹತ್ತರ ಮೇಲೆ ಟ್ಯಾಕ್ಸಿ ಹಿಡಿದು ಗಾಡಿಗೆ ಬಂದೆ. ಗ್ಯಾಸ್ ಮುಗಿದುಹೋಗಿತ್ತು. ಹೀಟರ್ ಬರೀ ತಣ್ಣನೆ ಗಾಳಿ ಊದುತ್ತಿತ್ತು. ಇನ್ನು ಒಂದೆರಡು ಗಂಟೆಯಲ್ಲಿ ಪೈಪುಗಳಲ್ಲಿ ನೀರು ಕಟ್ಟುತ್ತದೆ, ಒಡೆಯುತ್ತವೆ. ಏನು ಮಾಡಬೇಕು ಅಂತ ಗೊತ್ತಿರುವವರು ಐಸಿಯುನಲ್ಲಿದ್ದರು. ನಾನು ಗಾಡಿಯ ಮೆಟ್ಟಿಲ ಮೇಲೆ ಸುಮ್ನೆ ಕೂತುಬಿಟ್ಟೆ.

ಅಕ್ಕ ನೈಟಿ ಮೇಲೆ ಜಾಕೆಟ್ ಹಾಕಿಕೊಂಡು, ಹಣೆಗೆ ಲೈಟ್ ಕಟ್ಟಿಕೊಂಡು ಬಂದರು. ಏನಾಯಿತು ಅಂತ ಕೇಳಲಿಲ್ಲ. ಗಾಡಿಯ ಕೆಳಗೆ ಮಲಗಿ ಡ್ರೇನ್ ಬಿಚ್ಚಿದರು. ಇದ್ದ ನೀರೆಲ್ಲ ಡಾಂಬರಿನ ಮೇಲೆ ಸುರಿಯಿತು. ಆಮೇಲೆ ಒಳಗೆ ಬಂದು ಸಿಂಕಿಗೆ, ಬಚ್ಚಲಿಗೆ, ಕಮೋಡಿಗೆ ಗುಲಾಬಿ ಬಣ್ಣದ ಆಂಟಿಫ್ರೀಜ್ ಹುಯ್ದರು. ನಾನು ಟಾರ್ಚ್ ಹಿಡಿದುಕೊಂಡಿದ್ದೆ. ಸ್ಟೀಲ್ ಸಿಂಕಿನಲ್ಲಿ ರೋಸ್ ಶರಬತ್ತಿನ ಹಾಗೆ ಕಂಡಿತು. ಅಂಥ ಹೊತ್ತಿನಲ್ಲಿ ಶರಬತ್ತು ನೆನಪಾಗುತ್ತದಲ್ಲ ಅಂತ ನಾಚಿಕೆಯಾಯಿತು. ಎಲ್ಲ ಮುಗಿಸಿ ಕೈ ಒರೆಸಿಕೊಂಡು "ನಡಿ" ಅಂದರು. ಟ್ರಕ್ಕಿನ ಕೀ ತಿರುಗಿಸಿದರು. ಆ ಚಳಿಯಲ್ಲೂ ಒಂದೇ ಸಲಕ್ಕೆ ಸ್ಟಾರ್ಟ್ ಆಯಿತು.

"ಬ್ಯಾಟರಿ?" ಅಂದೆ.

"ಇವತ್ತು ಮನಸ್ಸು ಮಾಡಿದೆ" ಅಂದರು.

ಆ ರಾತ್ರಿ ಆಸ್ಪತ್ರೆಯಲ್ಲಿ ಕೂತು ನಾನು ಪ್ರಾರ್ಥನೆ ಮಾಡಲಿಲ್ಲ. ನನ್ನನ್ನು ಬಲ್ಲವರಿಗೆ ಇದು ವಿಚಿತ್ರ ಅನಿಸಬಹುದು. ಜಗಳ ಆಡಿದೆ, ಮನಸ್ಸಿನಲ್ಲೇ, ಕೆಟ್ಟದಾಗಿ. ನಿನ್ನ ಮನೆಗೆ ಗೋಡೆ ಹಾಕಲು ಬಂದವರಪ್ಪಾ ನಾವು, ಬೇರೆ ಯಾರೂ ಸಿಗಲಿಲ್ವಾ ನಿನಗೆ? ಅಕ್ಕನಿಗೆ ಇದನ್ನು ಹೇಳಿದೆ ಕೂಡ. ಅವರು ಸಮಾಧಾನ ಹೇಳಲಿಲ್ಲ. ವಾಕ್ಯ ತೆಗೆದು ಓದಲಿಲ್ಲ. ನೀಲಿ ಫ್ಲಾಸ್ಕಿನಿಂದ ಮುಚ್ಚಳಕ್ಕೆ ಕಾಫಿ ಬಗ್ಗಿಸಿ ಕೊಟ್ಟು ತಮ್ಮ ಬಸ್ ರೂಟ್ ಹೇಳತೊಡಗಿದರು. ಬೆಳಿಗ್ಗೆ 6.10ಕ್ಕೆ ಮೊದಲ ಸ್ಟಾಪ್. ಅಲ್ಲಿ ಇಬ್ಬರು ಅಣ್ಣತಮ್ಮ, ಒಬ್ಬನ ಶೂ ಲೇಸ್ ಯಾವಾಗಲೂ ಬಿಚ್ಚಿರುತ್ತಿತ್ತು. ಎರಡನೇ ಸ್ಟಾಪಿನಲ್ಲಿ ಒಂದು ಹುಡುಗಿ, ಅವಳ ಹಿಂದೆ ಅವಳ ನಾಯಿ. ಹೀಗೆ ಒಂದೊಂದೇ ಸ್ಟಾಪ್, ಸ್ಕೂಲ್ ಗೇಟಿನವರೆಗೆ. ಮುಗಿದ ಮೇಲೆ "ಈಗ ನಿನ್ನ ರೂಟ್ ಹೇಳು" ಅಂದರು.

ನನಗಿದ್ದದ್ದು ಒಂದೇ ರೂಟ್. ಕಾಲೇಜಿಗೆ ಹೋಗುವಾಗಿನದು. ಕೋಲಾರ ಬಸ್ ಸ್ಟ್ಯಾಂಡಿನಿಂದ ಶುರು ಮಾಡಿದೆ. ಕಿಟಕಿ ಪಕ್ಕ ಸೀಟಿಗೆ ಕರ್ಚೀಫ್ ಹಾಕುವುದು, ಕಂಡಕ್ಟರ್ ಚಿಲ್ಲರೆ ಇಲ್ಲ ಅಂತ ಟಿಕೆಟ್ ಹಿಂದೆ ಬರೆದುಕೊಡುವುದು, ನರಸಾಪುರ, ಆಮೇಲೆ ಹೊಸಕೋಟೆಯಲ್ಲಿ ಕಡಲೆಕಾಯಿ ಬುಟ್ಟಿ ಹೊತ್ತು ಬಸ್ಸಿನ ಜೊತೆ ಓಡುವ ಹುಡುಗರು. ಅಯೋವಾದ ಹೆಂಗಸಿಗೆ ಹೊಸಕೋಟೆ! ಅವರು ಪ್ರತಿ ಊರಿನ ಹೆಸರು ಹೇಳಿಕೊಂಡು ತಲೆ ಆಡಿಸುತ್ತಿದ್ದರು, ನಾಳೆ ಅದೇ ರೂಟಿಗೆ ಡ್ಯೂಟಿ ಬಿದ್ದಿದೆ ಎಂಬಂತೆ. ಕೆ.ಆರ್. ಪುರಕ್ಕೆ ಬಂದಿದ್ದೆವು, ಬಾಗಿಲು ತೆಗೆಯಿತು. ಡಾಕ್ಟರು ಬಂದರು. ಅವರ ಮುಖ ನೋಡಿದ ಕೂಡಲೇ ಅಕ್ಕ ನನ್ನ ಕೈ ಬಿಟ್ಟರು. ಅಷ್ಟು ಹೊತ್ತು ಹಿಡಿದಿದ್ದರು ಅಂತ ಗೊತ್ತಾಗಿದ್ದೇ ಆಗ. ಬೆರಳುಗಳಲ್ಲಿ ಗುರುತು ಬಿದ್ದಿತ್ತು. ಗಂಟೆ ಮೂರೂ ಮುಕ್ಕಾಲು.

ಉಳಿದದ್ದು ನಿಮಗೆ ಗೊತ್ತು. ಜನವರಿಯಲ್ಲಿ ಮಗ ಇವರನ್ನು ವಿಮಾನದಲ್ಲಿ ಸಿನ್ಸಿನಾಟಿಗೆ ಕರೆದುಕೊಂಡು ಹೋದ. 30 ಅಡಿ ಗಾಡಿ ಚರ್ಚಿನ ಹಿಂದೆಯೇ ನಿಂತಿತ್ತು. ಅದನ್ನು ನಾನು ಒಂದು ದಿನವೂ ಓಡಿಸಿರಲಿಲ್ಲ. ಮಾರಿಬಿಡೋಣ ಅಂದೆ. ಅಕ್ಕ ತಮ್ಮ ಟ್ರೇಲರ್ ಅಲ್ಲೇ ಬಿಟ್ಟು, ನನ್ನನ್ನು ಪಕ್ಕದಲ್ಲಿ ಕೂರಿಸಿಕೊಂಡು ಹೊರಟರು. ಸುಮಾರು ಸಾವಿರ ಮೈಲಿ, ಮೂರು ದಿನ. ಎರಡನೇ ದಿನ ಒಂದು ಖಾಲಿ ಪಾರ್ಕಿಂಗ್ ಲಾಟಿನಲ್ಲಿ ನಿಲ್ಲಿಸಿ, ಸೀಟಿನಿಂದ ಇಳಿದು, "ಹತ್ತು" ಅಂದರು. ನಾನು ಆಗಲ್ಲ ಅಂದೆ, ಅತ್ತೆ. "ಅಳು, ಪರವಾಗಿಲ್ಲ. ಕನ್ನಡಿ ನೋಡಿಕೊಂಡು ಅಳು" ಅಂದರು. ಮುಂದಿನ ಚಕ್ರ ತಿರುಗಿದರೆ ಸಾಲದು, ಗಾಡಿಯ ಬಾಲ ಆ ಕಡೆ ಬೀಸುತ್ತದೆ, ಬಾಲದ ಮೇಲೆ ಕಣ್ಣಿಡು ಅಂತ ನೂರು ಸಲ ಹೇಳಿದರು. ಒಂದು ಕಸದ ಡಬ್ಬ ಉರುಳಿತು. ಅವತ್ತು 40 ಮೈಲಿ ನಾನೇ ಓಡಿಸಿದೆ.

ನಮ್ಮನ್ನು ಮನೆ ಮುಟ್ಟಿಸಿ, ಬಸ್ಸು ಹಿಡಿದು ಲೇಕ್ ಚಾರ್ಲ್ಸ್‌ಗೆ ವಾಪಸ್ ಹೋದರು. 34 ವರ್ಷ ಬಸ್ ಓಡಿಸಿದವರಿಗೆ ಯಾರೋ ಡ್ರೈವರ್ ಬ್ರೇಕ್ ಹಾಕುವ ರೀತಿ ಸಹಿಸುವುದೇ ಕಷ್ಟವಾಯಿತಂತೆ. ದುಡ್ಡು ಕೊಡಲು ಹೋದೆ, ಬೈಸಿಕೊಂಡೆ. ಮುದ್ದೆ, ಬಸ್ಸಾರು ಮಾಡಿ ಹಾಕಿದ್ದೆ. ಅಗಿಯಬಾರದು, ನುಂಗಬೇಕು ಅಂತ ಹೇಳಿಕೊಟ್ಟರೂ ಅಗಿದರು.

ಈ ಸಲ ಸಿನ್ಸಿನಾಟಿಯಿಂದ ಲೇಕ್ ಚಾರ್ಲ್ಸ್‌ವರೆಗೆ ಪೂರ್ತಿ ನಾನೇ ಓಡಿಸಿದೆ. ಇವರು ಪಕ್ಕದಲ್ಲಿ ಕೂತು, ಇಲ್ಲದ ಬ್ರೇಕ್ ತುಳಿಯುತ್ತಿದ್ದರು. ಅಕ್ಕ ಬರಲಾಗಲಿಲ್ಲ, ಮಂಡಿ ಆಪರೇಷನ್ ಆಗಿದೆ. ಅವರು ಮಡ್ ಮೆತ್ತಿದ್ದ ಗೋಡೆಯ ಮುಂದೆ ನಿಂತು ವಿಡಿಯೋ ಕಾಲ್ ಮಾಡಿದೆ. ಗೋಡೆ ನೋಡಲಿಲ್ಲ ಮಹಾತಾಯಿ, "ಕಸದ ಡಬ್ಬ ಎಷ್ಟು ಬೀಳಿಸಿದೆ?" ಅಂತ ಕೇಳಿದರು. ಒಂದೂ ಇಲ್ಲ. ಒಂದು ಅಂಚೆ ಡಬ್ಬಿಗೆ ಸ್ವಲ್ಪ ತಾಗಿತು, ಅದನ್ನು ಹೇಳಲಿಲ್ಲ.

ಇದನ್ನು ಮಗಳು ಇಂಗ್ಲಿಷಿಗೆ ಮಾಡಿ ಅವರಿಗೆ ಓದಿ ಹೇಳುತ್ತಾಳೆ. ಹಾಗಾಗಿ ಅಂಚೆ ಡಬ್ಬಿ ವಿಷಯ ಈಗ ಗೊತ್ತಾಗುತ್ತದೆ, ಆಗಲಿ. ಅಕ್ಕ, ನಿಮ್ಮ ನೀಲಿ ಫ್ಲಾಸ್ಕ್ ನಮ್ಮ ಗಾಡಿಯಲ್ಲೇ ಉಳಿದಿದೆ, ಸಿಂಕಿನ ಕೆಳಗೆ. ಮೇ ತಿಂಗಳಲ್ಲಿ ಅಯೋವಾಕ್ಕೆ ನಾನೇ ಓಡಿಸಿಕೊಂಡು ಬಂದು ಕೊಡುತ್ತೇನೆ. ಗೇಟಿನ ಹತ್ತಿರ ಏನೂ ಇಡಬೇಡಿ.