ನಮ್ಮ ಗದಗದಷ್ಟೇ ಜನರಿರುವ ದೇಶ

ಪ್ರೀತಿಯ ಪುಟ್ಟಿ,

ನೀನು ಹಾಸ್ಟೆಲ್‌ಗೆ ಹೋಗಿ ಇಪ್ಪತ್ತು ದಿನ ಆಯಿತು. ನಿನ್ನೆ ಫೋನಿನಲ್ಲಿ, "ಅವ್ವಾ, ಇಲ್ಲಿ ಎಲ್ಲರೂ ದೊಡ್ಡ ದೊಡ್ಡ ಊರಿನವರು. ಚಲೋ ಟ್ರ್ಯಾಕ್‌ನಲ್ಲಿ ಓಡಿ ಬಂದವರು. ನಾನು ಯಾಕೆ ಬಂದೆನೋ" ಎಂದೆಯಲ್ಲ, ಆಗ ನನಗೆ ಮಾತೇ ಹೊಳೆಯಲಿಲ್ಲ. ಅದಕ್ಕೇ ಈಗ ಬರೆಯುತ್ತಿದ್ದೇನೆ.

ಸೇಂಟ್ ಲೂಸಿಯಾ ಎಂಬ ಹೆಸರು ಅಪ್ಪ ಕ್ರಿಕೆಟ್ ನೋಡುವಾಗ ನಿನ್ನ ಕಿವಿಗೆ ಬಿದ್ದಿರುತ್ತದೆ. ಡ್ಯಾರೆನ್ ಸ್ಯಾಮಿಯ ದೇಶ. 2024ರ ಟಿ20 ವಿಶ್ವಕಪ್‌ನಲ್ಲಿ ರೋಹಿತ್ ಶರ್ಮಾ ಆಸ್ಟ್ರೇಲಿಯಾ ಮೇಲೆ 92 ಹೊಡೆದದ್ದು ಅಲ್ಲೇ. ಕೆರಿಬಿಯನ್ ಸಮುದ್ರದಲ್ಲಿ ಒಂದು ಪುಟ್ಟ ದ್ವೀಪ ಅದು. ಅಲ್ಲಿನ ಜನ ಸುಮಾರು 1.8 ಲಕ್ಷ. 2011ರ ಜನಗಣತಿಯಲ್ಲಿ ನಮ್ಮ ಗದಗ-ಬೆಟಗೇರಿಯ ಲೆಕ್ಕವೇ 1.7 ಲಕ್ಷ ದಾಟಿತ್ತು. ಇಡೀ ದೇಶ ಅಂದರೆ ನಮ್ಮೂರಷ್ಟೇ ಜನ!

ಆ ದೇಶ ಮೊದಲ ಸಲ ಒಲಿಂಪಿಕ್ಸ್‌ಗೆ ಹೋದದ್ದು 1996ರಲ್ಲಿ. ಆಮೇಲೆ ಪ್ರತಿ ಸಲವೂ ಹೋದರು. ಪದಕ ಒಂದೂ ಬರಲಿಲ್ಲ. 2024ರಲ್ಲಿ ಪ್ಯಾರಿಸ್‌ಗೆ ಕಳಿಸಿದ್ದು ನಾಲ್ಕೇ ಜನರನ್ನು. ಅವರಲ್ಲಿ ಒಬ್ಬಳು ಜೂಲಿಯೆನ್ ಆಲ್ಫ್ರೆಡ್.

ಆಗಸ್ಟ್ 3ರ 100 ಮೀಟರ್ ಫೈನಲ್ ಶುರುವಾದಾಗ ನಮ್ಮಲ್ಲಿ ನಡುರಾತ್ರಿ ಕಳೆದಿತ್ತು. ನೀನು ನನ್ನ ಮಗ್ಗುಲಲ್ಲೇ ನಿದ್ದೆ ಹೋಗಿದ್ದೆ. ಟಿವಿಯ ಸದ್ದು ಪೂರ್ತಿ ಕಡಿಮೆ ಮಾಡಿ ನಾನೊಬ್ಬಳೇ ನೋಡಿದೆ. ಅಲ್ಲಿ ಮಳೆ, ಟ್ರ್ಯಾಕ್ ಎಲ್ಲಾ ಒದ್ದೆ. ಗೆಲ್ಲುತ್ತಾಳೆ ಎಂದು ಜಾಸ್ತಿ ಜನ ಅಂದುಕೊಂಡಿದ್ದು ಅಮೆರಿಕದ ಶಕ್ಯಾರಿ ರಿಚರ್ಡ್‌ಸನ್‌ಳನ್ನು. ಜೂಲಿಯೆನ್ ಆರಂಭದಲ್ಲೇ ಮುಂದೆ ಹೋದಳು, ಆಮೇಲೆ ಯಾರ ಕೈಗೂ ಸಿಗಲಿಲ್ಲ. 10.72 ಸೆಕೆಂಡು. ರಿಚರ್ಡ್‌ಸನ್ 10.87. ನೀನು ಓಡುವವಳು, 0.15 ಸೆಕೆಂಡು ಅಂದರೆ ಎಷ್ಟು ದೂರ ಎಂದು ನನಗಿಂತ ಚೆನ್ನಾಗಿ ನಿನಗೇ ಗೊತ್ತು. ಎದೆಯ ಮೇಲಿನ ಹೆಸರಿನ ಚೀಟಿ ಕಿತ್ತು ಹಿಡಿದು ಕೂಗಿದಳು ನೋಡು, ನನ್ನ ಕಣ್ಣು ತುಂಬಿ ಬಂತು. ಆ ರಾತ್ರಿ ನಿನ್ನನ್ನು ಎಬ್ಬಿಸಬೇಕಿತ್ತು ಅಂತ ಈಗಲೂ ಅನಿಸುತ್ತದೆ. ಮೂರು ದಿನದ ಮೇಲೆ 200 ಮೀಟರ್‌ನಲ್ಲಿ ಬೆಳ್ಳಿಯನ್ನೂ ಗೆದ್ದಳು.

ಓಟ ಮುಗಿದ ಮೇಲೆ ಅವಳೇ ಹೇಳಿದಳು, ಚಿಕ್ಕವಳಿದ್ದಾಗ ಬರಿಗಾಲಲ್ಲಿ, ಶಾಲೆಯ ಯೂನಿಫಾರ್ಮ್‌ನಲ್ಲೇ ಓಡುತ್ತಿದ್ದೆ ಎಂದು. ಅವಳ ದೇಶದಲ್ಲಿ ಒಂದು ಸ್ಟೇಡಿಯಂ ಇತ್ತು, ವ್ಯೂ ಫೋರ್ ಎಂಬ ಊರಿನಲ್ಲಿ. 2009ರಲ್ಲಿ ಅಲ್ಲಿನ ಆಸ್ಪತ್ರೆಗೆ ಬೆಂಕಿ ಬಿತ್ತು. ರೋಗಿಗಳನ್ನು ಇಡಲು ಬೇರೆ ಜಾಗ ಇಲ್ಲದೆ ಸ್ಟೇಡಿಯಂ ಅನ್ನೇ ಆಸ್ಪತ್ರೆ ಮಾಡಿದರು. ವರ್ಷಗಟ್ಟಲೆ ಹಾಗೇ ಇತ್ತು. ಚಿಕ್ಕ ದೇಶದ ಕಷ್ಟ ಇಂಥದ್ದು. ಒಂದು ಕಟ್ಟಡ ಹೋದರೆ ಅದರ ಜೊತೆ ಇನ್ನೊಂದೂ ಹೋಗುತ್ತದೆ.

ಆದರೆ ನಿನಗೆ ನಾನು ಹೇಳಬೇಕಾಗಿದ್ದು ಬೇರೆ. ಅವಳ ಹನ್ನೆರಡನೇ ವಯಸ್ಸಿನಲ್ಲಿ ಅಪ್ಪ ತೀರಿಕೊಂಡರು. ಹದಿನಾಲ್ಕಕ್ಕೆ ಅವಳು ಮನೆ ಬಿಟ್ಟು ಜಮೈಕಾಗೆ ಹೋದಳು, ಓಟ ಕಲಿಯಲು. ಅಲ್ಲಿಂದ ಅಮೆರಿಕದ ಟೆಕ್ಸಾಸ್ ವಿಶ್ವವಿದ್ಯಾಲಯ. ಊರಿನಲ್ಲಿ ಓಟದ ಅನುಕೂಲ ಇಲ್ಲ ಎಂದರೆ ಮಗುವನ್ನೇ ದೂರ ಕಳಿಸಬೇಕು. ಆ ಚಿನ್ನದ ಹಿಂದೆ ಇದೂ ಇದೆ. ಅವಳನ್ನು ಕಳಿಸಿಕೊಟ್ಟ ದಿನ ಆ ಮನೆಯಲ್ಲಿ ಯಾರಿಗಾದರೂ ಅನ್ನ ಗಂಟಲಲ್ಲಿ ಇಳಿದಿರುತ್ತದಾ? ನಿನಗೂ ಈಗ ಹದಿನಾಲ್ಕು. ನೀನಿರುವುದು ಬಸ್ಸಿನಲ್ಲಿ ಎರಡು ತಾಸಿನ ದಾರಿ. ಆದರೂ ನಿನ್ನನ್ನು ಬಿಟ್ಟು ಬಂದ ಸಂಜೆ ನಾನು ನಿನ್ನ ತಟ್ಟೆಯನ್ನೂ ಇಟ್ಟುಬಿಟ್ಟಿದ್ದೆ. ಅಪ್ಪ ಏನೂ ಹೇಳದೆ ಅದನ್ನು ತೆಗೆದಿಟ್ಟರು.

ಜೂಲಿಯೆನ್ ಚಿನ್ನ ಗೆದ್ದ ಸಂಜೆಯೇ ಪ್ಯಾರಿಸ್‌ನಲ್ಲಿ ಇನ್ನೊಂದು ಕೆರಿಬಿಯನ್ ದ್ವೀಪ ಡೊಮಿನಿಕಾದ ಥಿಯಾ ಲಫಾಂಡ್ ಟ್ರಿಪಲ್ ಜಂಪ್‌ನಲ್ಲಿ 15.02 ಮೀಟರ್ ಹಾರಿ ಚಿನ್ನ ಗೆದ್ದಳು. ಆ ದೇಶದ ಜನ ಸುಮಾರು 70 ಸಾವಿರ ಅಷ್ಟೇ. ಅವರಿಗೂ ಅದೇ ಮೊದಲ ಒಲಿಂಪಿಕ್ಸ್ ಪದಕ.

ಇದೆಲ್ಲಾ ಬರೆದೆ ಅಂತ ಪದಕ ತಾ ಎನ್ನುತ್ತಿದ್ದೇನೆ ಅಂದುಕೊಳ್ಳಬೇಡ. ಸೇಂಟ್ ಲೂಸಿಯಾದಿಂದ ಹೋದ ಉಳಿದ ಮೂವರನ್ನೂ ನಾನು ನೆನೆಯುತ್ತೇನೆ. ಒಬ್ಬ ಈಜಿದ, ಒಬ್ಬ ಹಾಯಿದೋಣಿ ನಡೆಸಿದ, ಇನ್ನೊಬ್ಬ 400 ಮೀಟರ್ ಓಡಿದ. ಪದಕ ಇಲ್ಲದೆ ಮರಳಿದರು. ಅವರ ಅವ್ವಂದಿರೂ ಟಿವಿ ಮುಂದೆ ಉಸಿರು ಹಿಡಿದು ಕೂತಿರುತ್ತಾರೆ, ಅಲ್ವಾ?

ಓಟ ಬೇಡ ಅನ್ನಿಸಿದರೆ ಬಂದುಬಿಡು. ನಿನ್ನ ಹಾಸಿಗೆ ಹಾಗೇ ಇದೆ, ಯಾರೂ ಒಂದು ಮಾತು ಆಡುವುದಿಲ್ಲ. ಆದರೆ ಊರು ಚಿಕ್ಕದು ಎನ್ನುವ ಒಂದೇ ಕಾರಣಕ್ಕೆ ಬರಬೇಡ.

ಭಾನುವಾರ ನಾವಿಬ್ಬರೂ ಬರುತ್ತೇವೆ. ಕಡಕ್ ರೊಟ್ಟಿ, ಶೇಂಗಾ ಚಟ್ನಿ ಕಟ್ಟಿಕೊಂಡು ಬರುತ್ತೇನೆ, ಗೆಳತಿಯರಿಗೂ ಸಾಕಾಗುವಷ್ಟು. ಸ್ಪೈಕ್ ಬೂಟು ಬಿಗಿ ಆಗುತ್ತಿದೆ ಎಂದಿದ್ದೆ. ಹಾಳೆಯ ಮೇಲೆ ಪಾದ ಇಟ್ಟು ಸುತ್ತಲೂ ಗೆರೆ ಎಳೆದು ಇಟ್ಟಿರು, ಅಪ್ಪ ಒಯ್ಯುತ್ತಾರೆ.

ನಿನ್ನ
ಅವ್ವ