ಹಾಸ್ಟೆಲಿಗೆ ಸಾಮಾನು: ಎಲ್ಲವನ್ನೂ ಒಂದೇ ಕೊರಿಯರಿಗೆ ಹಾಕಬೇಡಿ

ಮಾನ್ಯ ಸಂಪಾದಕರೇ,

ಮಂಜೇಶ್ವರ, ಕುಂಬಳೆ, ಬದಿಯಡ್ಕ, ಮುಳ್ಳೇರಿಯ ಕಡೆಯ ಮಕ್ಕಳು ಕಾಲೇಜಿಗೆಂದು ಊರು ಬಿಡುವುದು ಸುರಿಯುವ ಮಳೆಯಲ್ಲೇ. ಮೈಸೂರು, ಬೆಂಗಳೂರಿಗೆ ಹೋಗುವವರಿದ್ದಾರೆ, ಮುಂಬೈ, ದೆಹಲಿಗೆ ಹೋಗುವವರೂ ಇದ್ದಾರೆ. ಫೀಸು ಕಟ್ಟಿ ಕೈ ಖಾಲಿಯಾದ ಹೊತ್ತಿನಲ್ಲೇ ಹಾಸಿಗೆ, ಬಟ್ಟೆ, ಪುಸ್ತಕ ಎಲ್ಲವನ್ನೂ ಒಟ್ಟಿಗೆ ಕಟ್ಟಿ ಕೊರಿಯರಿಗೆ ಕೊಡುತ್ತಾರೆ, ಇಲ್ಲವೇ ಕಾರು ಬಾಡಿಗೆಗೆ ಹಿಡಿಯುತ್ತಾರೆ. ಸಾಮಾನನ್ನು ಬಗೆ ನೋಡಿ ಬೇರೆ ಮಾಡಿದರೆ ಈ ಖರ್ಚಿನ ಬಹುಪಾಲು ಉಳಿಯುತ್ತದೆ.

ಕೊರಿಯರಿನವರು ತೂಕದ ಜತೆಗೆ ಗಾತ್ರವನ್ನೂ ಅಳೆಯುತ್ತಾರೆ. ಉದ್ದ, ಅಗಲ, ಎತ್ತರವನ್ನು ಸೆಂಟಿಮೀಟರಿನಲ್ಲಿ ಗುಣಿಸಿ ಸಾಮಾನ್ಯವಾಗಿ 5000ದಿಂದ ಭಾಗಿಸುತ್ತಾರೆ. ಬರುವ ಅಂಕಿ ನಿಜ ತೂಕಕ್ಕಿಂತ ಹೆಚ್ಚಾದರೆ ಅದಕ್ಕೇ ದರ. ಸುತ್ತಿದ ಫೋಮ್ ಹಾಸಿಗೆ 90 ಸೆಂ.ಮೀ. ಉದ್ದ, 40 ಸೆಂ.ಮೀ. ಅಗಲ, 40 ಸೆಂ.ಮೀ. ಎತ್ತರ ಇದೆ ಎನ್ನಿ. ತಕ್ಕಡಿಯಲ್ಲಿ ಏಳೆಂಟು ಕಿಲೋ ತೂಗುವ ಅದು ಬಿಲ್ಲಿನಲ್ಲಿ ಸುಮಾರು 29 ಕಿಲೋ ಆಗುತ್ತದೆ. ಹಾಸಿಗೆ, ದಿಂಬು, ಬಕೆಟು ಹೋದ ಊರಿನಲ್ಲೇ ಕೊಳ್ಳುವಂಥವು. ಕೋರ್ಸು ಮುಗಿಸಿ ಹೊರಡುವ ಹಿರಿಯ ವಿದ್ಯಾರ್ಥಿಗಳಿಂದ ಅರ್ಧ ಬೆಲೆಗೂ ಸಿಗುತ್ತವೆ. ಮಂಚದ ಅಳತೆ ಕೇಳದೆ ಹಾಸಿಗೆ ಒಯ್ದು, ಎರಡೂವರೆ ಅಡಿ ಮಂಚದ ಮೇಲೆ ಮೂರಡಿಯ ಹಾಸಿಗೆ ಅಂಚು ಮಡಚಿಕೊಂಡು ಬಿದ್ದಿರುವುದೂ ಉಂಟು.

ಪುಸ್ತಕದ ದಾರಿ ಬೇರೆ. ಅಂಚೆ ಇಲಾಖೆ 2025ರ ಮೇ 1ರಿಂದ ‘ಜ್ಞಾನ ಪೋಸ್ಟ್’ ಆರಂಭಿಸಿದೆ. 300 ಗ್ರಾಂ ಕಟ್ಟಿಗೆ 20 ರೂಪಾಯಿ, ಗರಿಷ್ಠ 5 ಕಿಲೋಗೆ 100 ರೂಪಾಯಿ, ಮೇಲೆ ತೆರಿಗೆ. ಹದಿನೈದು ಕಿಲೋ ಪುಸ್ತಕವಿದ್ದರೆ ಮೂರು ಕಟ್ಟು ಮಾಡಿದರಾಯಿತು. ಆದರೆ ಮುದ್ರಕರ ಅಥವಾ ಪ್ರಕಾಶಕರ ಹೆಸರಿರುವ ಅಚ್ಚಾದ ಪುಸ್ತಕಕ್ಕೆ ಮಾತ್ರ ಈ ದರ. ಕೈಬರಹದ ನೋಟ್ಸನ್ನೋ ಒಂದು ಅಂಗಿಯನ್ನೋ ನಡುವೆ ತುರುಕಿದರೆ ಕಟ್ಟು ಈ ದರಕ್ಕೆ ಸಲ್ಲುವುದಿಲ್ಲ. ಇಲಾಖೆಯ ಅಂಚೆ ಕಚೇರಿಗೇ ಒಯ್ಯಬೇಕು, ಹಳ್ಳಿಯ ಶಾಖಾ ಕಚೇರಿಯಲ್ಲಿ ಈ ಸೇವೆ ಇಲ್ಲ. ನೆಲದ ಮಾರ್ಗದಲ್ಲಿ ಹೋಗುವುದರಿಂದ ತಡವಾಗುತ್ತದೆ, ಕೂಡಲೇ ಬೇಕಾದ ಪುಸ್ತಕ ಚೀಲದಲ್ಲಿರಲಿ.

ಬಟ್ಟೆಬರೆಗೆ ರೈಲಿಗಿಂತ ಅಗ್ಗದ್ದು ಯಾವುದೂ ಇಲ್ಲ. ಸ್ಲೀಪರ್ ಟಿಕೆಟಿಗೆ ತಲಾ 40 ಕಿಲೋ ಉಚಿತ. ಬಿಡಲು ಹೋಗುವ ಅಪ್ಪನದ್ದೋ ಅಮ್ಮನದ್ದೋ ಸೇರಿದರೆ 80 ಕಿಲೋ! ಬೋಗಿಯೊಳಗೆ ಒಯ್ಯುವ ಟ್ರಂಕು 100×60×25 ಸೆಂ.ಮೀ. ಮೀರಬಾರದು. ಹೆಚ್ಚಿನ ತೂಕವನ್ನು ಮೊದಲೇ ಬುಕ್ ಮಾಡಿದರೆ ಲಗೇಜ್ ದರದ ಒಂದೂವರೆ ಪಟ್ಟು, ಮಾಡದೆ ಸಿಕ್ಕಿಬಿದ್ದರೆ ಆರು ಪಟ್ಟು. ಕರ್ನಾಟಕದ ಕೆಎಸ್ಸಾರ್ಟಿಸಿ ಬಸ್ಸಿನಲ್ಲೂ ದೊಡ್ಡವರಿಗೆ ತಲಾ 30 ಕಿಲೋ ಉಚಿತವಿದೆ, ಮೈಸೂರು, ಬೆಂಗಳೂರಿಗೆ ಅಷ್ಟು ಸಾಕು.

ಬ್ರೇಕ್‌ವ್ಯಾನಿಗೆ, ಅಂದರೆ ರೈಲಿನ ಸಾಮಾನು ಬೋಗಿಗೆ, ಕೊಡುವ ಮೂಟೆಯಲ್ಲಿ ಎಡವುವವರೇ ಹೆಚ್ಚು. ಗಾಡಿ ಹೊರಡುವ ಅರ್ಧ ಗಂಟೆ ಮೊದಲು ತಲುಪಿಸಬೇಕೆಂಬುದು ನಿಯಮ. ತೂಕ, ಚೀಟಿ, ಗುರುತು ಹಾಕುವುದು ಮುಗಿಯಲು ಎರಡು ಗಂಟೆಯಾದರೂ ಇಟ್ಟುಕೊಳ್ಳಿ. ಕಾಸರಗೋಡಿನಲ್ಲಿ ಗಾಡಿ ನಿಲ್ಲುವುದೇ ಎರಡು ಮೂರು ನಿಮಿಷ, ವ್ಯಾನಿನ ಬಾಗಿಲು ತೆರೆಯುವುದು ತಡವಾದರೆ ಮೂಟೆ ಪ್ಲಾಟ್‌ಫಾರ್ಮಿನಲ್ಲೇ ಉಳಿದೀತು. ಮುಂಬೈಗೆ ಹೋಗುವವರು ಮಂಗಳೂರು ಸೆಂಟ್ರಲಿನಿಂದಲೇ ಹೊರಡುವ ಮತ್ಸ್ಯಗಂಧ ರೈಲಿಗೆ ಅಲ್ಲೇ ಬುಕ್ ಮಾಡುವುದು ಒಳ್ಳೆಯದು. ದೆಹಲಿಗಾದರೆ ನೇರ ಹೋಗುವ ಮಂಗಳಾ ರೈಲು ಇದೆ. ನಡುದಾರಿಯಲ್ಲಿ ಗಾಡಿ ಬದಲಾಗುವ ಮೂಟೆ ನಿಮ್ಮೊಂದಿಗೇ ತಲುಪುತ್ತದೆ ಎಂದು ನಂಬಿ ಕೂರಬೇಡಿ.

ಕಟ್ಟುವ ಕ್ರಮವೂ ಮುಖ್ಯ. ಒಳಗೆ ದಪ್ಪ ಪ್ಲಾಸ್ಟಿಕ್, ಹೊರಗೆ ಗೋಣಿ, ಬಾಯಿಯನ್ನು ದಬ್ಬಣದಿಂದ ಒತ್ತಾಗಿ ಹೊಲಿಯಬೇಕು. ಬರೀ ಗೋಣಿ ಈ ಮಳೆಗೆ ನೀರು ಹೀರಿ ಭಾರವಾಗುತ್ತದೆ, ಒಳಗಿನ ಬಟ್ಟೆಗೆ ಬೂಸ್ಟು ಹಿಡಿಯುತ್ತದೆ. ದಾರದಲ್ಲಿ ಕಟ್ಟಿದ ಚೀಟಿ ಮೊದಲ ಎಳೆತಕ್ಕೇ ಕಿತ್ತುಹೋಗುವುದರಿಂದ ಹೆಸರು, ಫೋನ್, ಹೊರಡುವ ಮತ್ತು ಇಳಿಯುವ ನಿಲ್ದಾಣವನ್ನು ಗೋಣಿಯ ಮೇಲೇ ಬಣ್ಣದಲ್ಲಿ ಬರೆಯಿರಿ. ಅದೇ ವಿವರದ ಕಾಗದ ಒಳಗೂ ಒಂದಿರಲಿ. ರಸೀದಿ ಜೋಪಾನ. ಇಳಿದ ಕೂಡಲೇ ಬಿಡಿಸಿಕೊಳ್ಳದಿದ್ದರೆ ಗಂಟೆ ಲೆಕ್ಕದಲ್ಲಿ ಬಾಡಿಗೆ ಏರುತ್ತದೆ. ಮೌಲ್ಯ ಘೋಷಿಸಿ ಹೆಚ್ಚುವರಿ ಶುಲ್ಕ ಕಟ್ಟದ ಲಗೇಜು ಕಳೆದುಹೋದರೆ ಪರಿಹಾರ ಕಿಲೋಗೆ 100 ರೂಪಾಯಿ ಮೀರುವುದಿಲ್ಲ. ಲ್ಯಾಪ್‌ಟಾಪ್, ಅಂಕಪಟ್ಟಿ, ಪ್ರಮಾಣಪತ್ರ ಯಾವತ್ತೂ ಮೂಟೆಗಲ್ಲ. ಉಪ್ಪಿನಕಾಯಿ, ತೆಂಗಿನೆಣ್ಣೆ ಕೂಡ ಕೈಚೀಲದಲ್ಲೇ ಇರಲಿ, ಒಂದು ಮುಚ್ಚಳ ಸಡಿಲವಾದರೆ ಇಡೀ ಮೂಟೆ ಹಾಳು.

ಮೊದಲೇ ಕಳುಹಿಸಿದ ಪಾರ್ಸೆಲನ್ನು ಎಷ್ಟೋ ಹಾಸ್ಟೆಲುಗಳಲ್ಲಿ ತೆಗೆದುಕೊಳ್ಳುವವರಿಲ್ಲದೆ ಅದು ಊರಿಗೇ ಮರಳುತ್ತದೆ. ಮಗ ಅಥವಾ ಮಗಳು ಅಲ್ಲಿಗೆ ತಲುಪಿ, ಕೊಠಡಿ ಸಿಕ್ಕ ಮೇಲೆ ಮನೆಯವರು ಅಂಚೆಗೆ ಹಾಕುವುದು ಲೇಸು.

ಕಾಲೇಜುಗಳವರು ಪ್ರವೇಶಪತ್ರದ ಜತೆಗೇ ಮಂಚದ ಅಳತೆ, ಹಾಸಿಗೆ ಕೊಡುತ್ತಾರೆಯೇ, ಯಾವ ದಿನದಿಂದ ಪಾರ್ಸೆಲ್ ತೆಗೆದುಕೊಳ್ಳುತ್ತಾರೆ ಎಂಬ ಮೂರು ಸಾಲು ಬರೆದು ಕೊಡಲಿ. ಕಾಸರಗೋಡು, ಮಂಜೇಶ್ವರ ತಾಲೂಕುಗಳ ಅಂಚೆ ಕಚೇರಿ ಮತ್ತು ರೈಲು ನಿಲ್ದಾಣಗಳಲ್ಲಿ ಈ ದರ, ನಿಯಮಗಳನ್ನು ಕನ್ನಡದಲ್ಲೂ ಬರೆದು ತೂಗುಹಾಕಬೇಕು. ಇಲ್ಲಿ ಮೂಟೆ ಹೊತ್ತು ಬರುವ ಎಷ್ಟೋ ತಂದೆತಾಯಂದಿರಿಗೆ ಓದಲು ಬರುವುದು ಕನ್ನಡವೊಂದೇ. ಸಂಬಂಧಪಟ್ಟ ಅಧಿಕಾರಿಗಳು ಮುಂದಿನ ಪ್ರವೇಶದ ಹೊತ್ತಿಗೆ ಇಷ್ಟನ್ನು ಮಾಡಿಸಬೇಕೆಂದು ಕೋರುತ್ತೇವೆ.

– ಓದುಗರು, ಬದಿಯಡ್ಕ, ಕಾಸರಗೋಡು ಜಿಲ್ಲೆ