ವಯರ್‌ಲೆಸ್ ಇದ್ದರೆ ಸಾಲದು, ಕರೆಯುವ ಕ್ರಮವೂ ತಿಳಿದಿರಲಿ

ಮಾನ್ಯರೇ,

ಮುಂಗಾರಿನ 61 ದಿನಗಳ ಮೀನುಗಾರಿಕೆ ನಿಷೇಧ ಮುಗಿದು ಆಗಸ್ಟ್ 1ರಿಂದ ಮಲ್ಪೆ, ಗಂಗೊಳ್ಳಿ, ಮಂಗಳೂರಿನ ಬೋಟುಗಳು ಮತ್ತೆ ಕಡಲಿಗಿಳಿಯುತ್ತವೆ. ಬಲೆ, ಎಂಜಿನ್‌ಗಳ ದುರಸ್ತಿಯ ಜೊತೆಗೆ ವಯರ್‌ಲೆಸ್‌ನಲ್ಲಿ ನೆರವು ಕೇಳುವ ಅಭ್ಯಾಸವೂ ಈ ಬಿಡುವಿನಲ್ಲೇ ನಡೆಯಬೇಕೆಂಬುದು, ಹಡಗಿನಲ್ಲಿ ರೇಡಿಯೊ ಅಧಿಕಾರಿಯಾಗಿದ್ದ ನನ್ನ ಕೋರಿಕೆ.

ವಿಎಚ್‌ಎಫ್ ಎಂಬ, ಬೋಟಿನ ವಯರ್‌ಲೆಸ್ ಸೆಟ್ಟಿನ 16ನೇ ಚಾನೆಲ್ (156.8 ಮೆಗಾಹರ್ಟ್ಸ್) ಜಗತ್ತಿನೆಲ್ಲೆಡೆ ಅಪಾಯದ ಕರೆಗೆ ಗೊತ್ತುಮಾಡಿರುವ ಚಾನೆಲ್. ‘ಮೇಡೇ’ ಎಂದು ಮೂರು ಸಲ, ಬೋಟಿನ ಹೆಸರನ್ನು ಮೂರು ಸಲ ಹೇಳಿ, ಮತ್ತೊಮ್ಮೆ ‘ಮೇಡೇ’ ಎಂದು ಹೆಸರು ಹೇಳಿದ ಮೇಲೆ, ಮೊದಲು ತಿಳಿಸಬೇಕಾದದ್ದು ಇರುವ ಸ್ಥಳ; ಆಗಿರುವ ಅಪಾಯ, ಬೇಕಾದ ನೆರವು, ಬೋಟಿನಲ್ಲಿರುವವರ ಸಂಖ್ಯೆ ಇವೆಲ್ಲ ಆಮೇಲೆ. ನೀರು ಬ್ಯಾಟರಿಗೆ ನುಗ್ಗಿ ಮಾತು ಅರ್ಧಕ್ಕೇ ನಿಂತರೂ, ಸ್ಥಳ ಗೊತ್ತಿದ್ದರೆ ಹುಡುಕಲು ಹೊರಡಬಹುದು. ಗಾಬರಿಯಲ್ಲಿ ಎಂಜಿನ್ ಕೆಟ್ಟ ಕಥೆಯೇ ಮೊದಲು ಬರುವುದು ಸಹಜ. ‘ಇಷ್ಟು ಮಾರು ನೀರಿನಲ್ಲಿದ್ದೇವೆ’ ಎಂದರೆ ಜೊತೆಯ ಬೋಟಿನ ತಾಂಡೇಲರಿಗೆ (ಬೋಟು ನಡೆಸುವ ಮುಖ್ಯಸ್ಥರಿಗೆ) ಅರ್ಥವಾದೀತು. ಕರಾವಳಿ ಕಾವಲು ಪಡೆಯ ಹಡಗಿಗೆ ಜಿಪಿಎಸ್ ತೋರಿಸುವ ಅಕ್ಷಾಂಶ, ರೇಖಾಂಶಗಳೇ ಬೇಕು. ಮಾತು ಮುಗಿದೊಡನೆ ಮೈಕಿನ ಗುಂಡಿಯಿಂದ ಬೆರಳು ತೆಗೆಯದಿದ್ದರೆ ಉತ್ತರ ನಮಗೆ ಕೇಳಿಸುವುದಿಲ್ಲ, ಸುತ್ತಲಿನವರ ಚಾನೆಲ್ಲೂ ಕಟ್ಟಿಹೋಗುತ್ತದೆ.

ಮೊಬೈಲ್ ಇದೆಯಲ್ಲ ಎನ್ನುವವರಿದ್ದಾರೆ. ದಡದಿಂದ ದೂರ ಹೋದಂತೆ ಅದರ ಸಿಗ್ನಲ್ ಸಿಗದು. ಸಿಕ್ಕರೂ ಕರೆ ಒಬ್ಬರಿಗಷ್ಟೇ ಕೇಳುತ್ತದೆ. ವಿಎಚ್‌ಎಫ್ ಕರೆಯಾದರೋ ವ್ಯಾಪ್ತಿಯೊಳಗೆ ಆ ಚಾನೆಲ್ ಹಾಕಿಕೊಂಡಿರುವ ಪ್ರತಿ ಬೋಟಿಗೂ ಮುಟ್ಟುತ್ತದೆ, ಮತ್ತು ಹತ್ತಿರದ ಬೋಟೇ ಮೊದಲು ತಲುಪುವುದು. ಹಾಗಾಗಿಯೇ 16ನೇ ಚಾನೆಲ್‌ನಲ್ಲಿ ಮೀನಿನ ದರ, ಊರ ಸುದ್ದಿಗಳ ಹರಟೆ ಸಲ್ಲದು.

ಇಂಗ್ಲಿಷ್ ಬಾರದೆಂಬ ಸಂಕೋಚವೂ ಬೇಡ. ‘ಮೇಡೇ’ ಎಂಬುದೇ ‘ನನಗೆ ನೆರವಾಗಿ’ ಎಂಬರ್ಥದ ಫ್ರೆಂಚ್ ಮಾತಿನಿಂದ ಬಂದದ್ದು. ಆ ಪದವನ್ನೂ ಅಂಕಿಗಳನ್ನೂ ಸ್ಪಷ್ಟವಾಗಿ ಹೇಳಿದರೆ, ಉಳಿದದ್ದನ್ನು ತುಳುವಿನಲ್ಲೋ ಕೊಂಕಣಿಯಲ್ಲೋ ಹೇಳಿದರೂ ನಮ್ಮ ಕಡಲಲ್ಲಿ ತಿಳಿಯುವವರಿದ್ದಾರೆ.

ಮೀನುಗಾರಿಕೆ ಇಲಾಖೆಯೂ ಮೀನುಗಾರರ ಸಂಘಗಳೂ ಜುಲೈ ಮುಗಿಯುವುದರೊಳಗೆ ಪ್ರತಿ ಬಂದರಿನಲ್ಲಿ ಒಂದು ದಿನದ ತರಬೇತಿ ನಡೆಸಲಿ. ತಾಂಡೇಲರಿಗೆ ಮಾತ್ರವಲ್ಲ, ಅಡುಗೆಯವರೂ ಸೇರಿ ಎಲ್ಲರಿಗೂ. ಕರೆಯ ಕ್ರಮವನ್ನು ಕನ್ನಡದಲ್ಲಿ ಅಚ್ಚುಹಾಕಿದ, ನೀರಿಗೆ ಕೆಡದ ಒಂದು ಹಾಳೆಯನ್ನು ಪ್ರತಿ ಸೆಟ್ಟಿನ ಪಕ್ಕದಲ್ಲಿ ಅಂಟಿಸಲಿ. ಬೋಟಿನ ಹೆಸರನ್ನೂ ಕಾವಲು ಪಡೆಯ ಸಹಾಯವಾಣಿ 1554 ಸಂಖ್ಯೆಯನ್ನೂ ಅದರಲ್ಲೇ ದಪ್ಪಕ್ಷರದಲ್ಲಿ ಬರೆದಿಡಬಹುದು.

— ನಿವೃತ್ತ ರೇಡಿಯೊ ಅಧಿಕಾರಿ, ಉಡುಪಿ